ಗ್ರೌಟ್ ಫ್ಲೋಟ್: ಹಿಡಿ ಬಿಡಿ, ಅಂಚು ನೋಡಿ

ಟೈಲ್ಸ್ ಸಂದಿಗೆ ತುಂಬೋ ಮಾಲು ಗ್ರೌಟ್; ಅದನ್ನು ಒತ್ತಿ ತುಂಬೋಕೆ ಬಳಸೋ, ಹಿಡಿಯಿರೋ ರಬ್ಬರ್ ಹಲಗೆ ಗ್ರೌಟ್ ಫ್ಲೋಟ್. ಸಂದಿಗೆ ವೈಟ್ ಸಿಮೆಂಟ್ ತುಂಬೋಕೆ ಹವಾಯಿ ಚಪ್ಪಲಿ ತುಂಡೇ ಸಾಕು ಅನ್ನೋ ಮೇಸ್ತ್ರಿಗಳು ನಮ್ಮ ಸೈಟುಗಳಲ್ಲಿ ಇನ್ನೂ ಇದ್ದಾರೆ. ನಗಬೇಡಿ. ಒತ್ತಿದರೆ ಬಾಗಬೇಕು, ಬಿಟ್ಟರೆ ನೆಟ್ಟಗಾಗಬೇಕು ಅನ್ನೋ ಲೆಕ್ಕ ಅವರಿಗೆ ಗೊತ್ತಿದೆ. ನನ್ನ ತಕರಾರು ಗೋಡೆಗೆ ಪುಟ್ಟಿ ಬಳಿಯೋ ಕಬ್ಬಿಣದ ಪಟ್ಟಿಯಲ್ಲಿ ಗ್ರೌಟ್ ಎಳೆಯೋರ ಮೇಲೆ. ಮ್ಯಾಟ್ ಟೈಲ್ಸ್ ಮೇಲೆ ಅದು ಬಿಟ್ಟು ಹೋಗುವ ಕರಿ ಗೆರೆ ಉಜ್ಜಿ ಉಜ್ಜಿ ಕೈ ಸೋಲುತ್ತೆ.

ಹಾರ್ಡ್‌ವೇರ್ ಅಂಗಡಿಯಲ್ಲಿ ಬರೀ 'ಫ್ಲೋಟ್ ಕೊಡಿ' ಅಂದರೆ ಪ್ಲಾಸ್ಟರಿಂಗಿನ ಸ್ಪಂಜ್ ಫ್ಲೋಟ್ ಎತ್ತಿ ಕೊಡಬಹುದು. 'ಟೈಲ್ಸ್ ಗ್ರೌಟಿಂಗಿಗೆ, ರಬ್ಬರಿಂದು' ಅಂತ ಬಿಡಿಸಿ ಹೇಳಿ. ಕೈಗೆ ಬಂದಮೇಲೆ ಕೌಂಟರ್ ಮೇಲೆ ಅಂಚು ಊರಿ ಒತ್ತಿ. ಕಣ್ಣ ಮಟ್ಟಕ್ಕೆ ಹಿಡಿದು ನೋಡಿ: ಅಂಚಲ್ಲಿ ಒಂದು ಸಣ್ಣ ಕಚ್ಚು ಇದ್ದರೂ ಪ್ರತಿ ಎಳೆತಕ್ಕೂ ಅಲ್ಲೊಂದು ಗ್ರೌಟ್ ಗೆರೆ ಉಳಿಯುತ್ತೆ. ಹಿಡಿ ಮರದ್ದೋ ಪ್ಲಾಸ್ಟಿಕ್ಕೋ, ನಿಮ್ಮಿಷ್ಟ.

ಬಾತ್‌ರೂಮ್ ಗೋಡೆಯ 2 ಎಂಎಂ ಸಂದಿಗೆ, ಸಿಮೆಂಟ್ ಗ್ರೌಟಿಗೆ, ಮೆತ್ತನೆ ರಬ್ಬರ್ ಸರಿ. ಅದೇ ಮೆತ್ತನೆಯದನ್ನು ಅಗಲ ಸಂದಿಯ ಮೇಲೆ ಎಳೆದರೆ ಅಂಚು ಒಳಗಿಳಿದು ತುಂಬಿದ ಮಾಲನ್ನೇ ಕೆರೆದು ತರುತ್ತೆ. ಎಪಾಕ್ಸಿ ಗ್ರೌಟಿಂದು ಬೇರೆಯೇ ಕಥೆ. ರೆಸಿನ್ ಅನ್ನೋ ಅಂಟು, ಅದನ್ನು ಗಟ್ಟಿ ಮಾಡೋ ಹಾರ್ಡನರ್, ಫಿಲ್ಲರ್ ಪುಡಿ ಕಲಸಿದ ಮೇಲೆ ಜೋನಿ ಬೆಲ್ಲದ ಹಾಗೆ ಅಂಟು. ಅದಕ್ಕೆ ಗಟ್ಟಿ ರಬ್ಬರೇ ಬೇಕು. ಮೆತ್ತನೆಯದು ಟೈಲ್ಸ್ ಮೇಲೆ ಪದರ ಬಿಟ್ಟು ಮುಂದೆ ಹೋಗುತ್ತೆ, ಆಮೇಲೆ ಒರೆಸೋ ಹುಡುಗನ ಪಾಡು ಕೇಳಬೇಡಿ.

ಫ್ಲೋಟ್ ಎಂಥದ್ದೇ ಇರಲಿ, ಎಳೆಯೋದು ಸಂದಿಗೆ ಓರೆಯಾಗಿ. ತುಂಬುವಾಗ ಸುಮಾರು 45 ಡಿಗ್ರಿ ಬಾಗಿಸಿ ಒತ್ತಬೇಕು, ಹೆಚ್ಚಾದದ್ದನ್ನು ತೆಗೆಯುವಾಗ ಹೆಚ್ಚುಕಮ್ಮಿ ನೆಟ್ಟಗೆ ನಿಲ್ಲಿಸಬೇಕು. ಸಂದಿಯ ಉದ್ದಕ್ಕೇ ಎಳೆದರೆ ಅಂಚು ಅದರೊಳಗೆ ಬಿದ್ದು ಕಾಲುವೆ ತೋಡುತ್ತೆ. ಇನ್ನು ಮರಳಿರೋ ಗ್ರೌಟಾದರೆ ಪಾಲಿಶ್ ಟೈಲ್ಸಿನ ಉಳಿದ ತುಂಡಿನ ಮೇಲೆ ಮೊದಲು ಒಮ್ಮೆ ಎಳೆದು ನೋಡಿ. ಗೀರು ಬಿದ್ದರೆ ಅದು ಮರಳಿನ ಕೆಲಸ, ಫ್ಲೋಟ್ ಬದಲಿಸಿದರೆ ಹೋಗೋದಲ್ಲ.

ಕಮೋಡ್ ಹಿಂದೆ, ಪೈಪಿನ ಸುತ್ತ ದೊಡ್ಡ ಫ್ಲೋಟ್ ತಿರುಗೋದೇ ಇಲ್ಲ. ಕಿರಿದಾದದ್ದೊಂದು ಜೊತೆಗಿರಲಿ. ಎಪಾಕ್ಸಿ ಮೆತ್ತಿದ ಫ್ಲೋಟನ್ನು ಹಾಗೇ ಬಿಟ್ಟು ಊಟಕ್ಕೆ ಹೋದಿರೋ, ಅದು ಗಟ್ಟಿಯಾಗಿ ಕೂತಿರುತ್ತೆ; ಬರುವಾಗ ಹೊಸದಕ್ಕೆ ಅಂಗಡಿ ಕಡೆಯಿಂದಲೇ ಬನ್ನಿ.