ಅದರ ಅಮ್ಮನಿಗೆ ಗುರುತು ಸಿಕ್ತಾ?

"ಅಪ್ಪಾ, ಹಾಗಾದ್ರೆ ಮೊದಲು ಮನುಷ್ಯ ಆದ ಕೋತಿ ಯಾವುದು? ಅದರ ಅಮ್ಮನಿಗೆ ಗುರುತು ಸಿಕ್ತಾ?"

ಗೆಳೆಯನ ಮಗಳ ಈ ಪ್ರಶ್ನೆ ವಾರವಿಡೀ ನನ್ನನ್ನು ಬಿಟ್ಟಿಲ್ಲ. ಗಾಜಿನ ತೊಟ್ಟಿಯಲ್ಲಿ ಗೊದಮೊಟ್ಟೆಗಳನ್ನು ಸಾಕಿದ್ದಾಳೆ. ಒಂದಕ್ಕೆ ನಾಲ್ಕೂ ಕಾಲು ಬಂದಿದ್ದವು, ಬಾಲ ಮಾತ್ರ ಮೋಟಾಗಿ ಉಳಿದಿತ್ತು. ಅದನ್ನು ತೋರಿಸಿ ಅವಳಪ್ಪ, "ಕೋತಿ ಮನುಷ್ಯ ಆಗಿದ್ದೂ ಹೀಗೇ" ಅಂದುಬಿಟ್ಟ. ಒಳ್ಳೆಯವನೇ. ಆದರೆ ಯಾವ ಪ್ರಶ್ನೆಗೂ ಅವನ ಹತ್ತಿರ ಉತ್ತರ ಸಿದ್ಧ ಇರುತ್ತೆ, ಅದೇ ತೊಂದರೆ. ಮಗಳು ಅಮ್ಮನ ವಿಷಯ ಎತ್ತಿದಾಗ ಮಾತ್ರ ಸುಮ್ಮನಾದ.

ಆ ಬಾಲ ಉದುರಿ ಬೀಳುವುದಿಲ್ಲ. ಥೈರಾಯ್ಡ್ ಹಾರ್ಮೋನು ಏರುತ್ತಿದ್ದಂತೆ ಬಾಲದ ಜೀವಕೋಶಗಳು ಸಾಯುತ್ತವೆ, ಮೈ ಅದನ್ನು ಹೀರಿಕೊಳ್ಳುತ್ತದೆ. ಬಾಯಿ, ಕರುಳು ಬದಲಾಗುವಾಗ ತಿನ್ನುವುದೂ ನಿಂತಿರುತ್ತದೆ, ಬಾಲವೇ ಊಟ! ಇಷ್ಟೆಲ್ಲ ಆದರೂ ಜೀವಿ ಅದೇ, ಜೀನ್‌ಗಳೂ ಅವೇ. ಅದರ ಮೊಟ್ಟೆಯಿಂದ ಮತ್ತೆ ಗೊದಮೊಟ್ಟೆಯೇ ಬರುತ್ತದೆ.

ಕೋತಿ ಕಥೆ ಬೇರೆ. ಮೊದಲಿಗೆ, ಇವತ್ತಿನ ಕೋತಿ ನಮ್ಮ ಅಜ್ಜ ಅಲ್ಲ, ದೂರದ ದಾಯಾದಿ. ಇಬ್ಬರಿಗೂ ಪೂರ್ವಜರು ಒಬ್ಬರೇ. ಇನ್ನು ಆ ಅಮ್ಮ? ಖಂಡಿತ ಗುರುತು ಸಿಕ್ಕಿರುತ್ತದೆ. ಲಕ್ಷಾಂತರ ತಲೆಮಾರುಗಳಲ್ಲಿ ಯಾವ ತಾಯಿಯೂ ತನ್ನದಲ್ಲದ ಜಾತಿಯ ಮರಿ ಹೆತ್ತಿಲ್ಲ.

ಹಾಗಾದ್ರೆ ಬದಲಾದದ್ದು ಯಾರು? ಪೆಸಿಫಿಕ್ ಸಾಗರದ ಗಲಾಪಗೋಸ್‌ನ ಡಾಫ್ನಿ ಮೇಜರ್ ದ್ವೀಪದಲ್ಲಿ ಜೀವವಿಜ್ಞಾನಿಗಳಾದ ಪೀಟರ್ ಮತ್ತು ರೋಸ್‌ಮರಿ ಗ್ರಾಂಟ್ ದಂಪತಿ ವರ್ಷಗಟ್ಟಲೆ ಫಿಂಚ್ ಹಕ್ಕಿಗಳ ಕೊಕ್ಕು ಅಳೆದರು. 1977ರಲ್ಲಿ ಮಳೆ ಕೈಕೊಟ್ಟಿತು. ಸಣ್ಣ ಬೀಜ ಮುಗಿದು, ದೊಡ್ಡ ಗಟ್ಟಿ ಬೀಜ ಉಳಿಯಿತು. ಒಂದು ಜಾತಿಯ ಫಿಂಚ್‌ಗಳಲ್ಲಿ ಸುಮಾರು ಶೇ. 85 ಸತ್ತವು. ಉಳಿದವುಗಳ ಕೊಕ್ಕು ಮೊದಲಿನ ಸರಾಸರಿಗಿಂತ ಅರ್ಧ ಮಿಲಿಮೀಟರಿನಷ್ಟು ಹೆಚ್ಚು ದಪ್ಪ, ಮರಿಗಳೂ ಹಾಗೇ ಬಂದವು. ಹಸಿವಿಗೆ ಯಾವ ಹಕ್ಕಿಯ ಕೊಕ್ಕೂ ಬೆಳೆಯಲಿಲ್ಲ. ಚಿಕ್ಕ ಕೊಕ್ಕಿನವು ಲೆಕ್ಕದಿಂದ ಹೋದವು, ಬದಲಾದದ್ದು ಇಡೀ ಗುಂಪು, ಅಷ್ಟೇ. ಇದನ್ನು ಮಗುವಿಗೆ ಹೇಗೆ ಹೇಳುವುದು?

ಗೆಳೆಯನ ಮಾತಿನಲ್ಲಿ ನನಗೆ ಜಾಸ್ತಿ ಚುಚ್ಚಿದ್ದು ಇನ್ನೊಂದು. ಕಪ್ಪೆಯಾಗುವುದು ಗೊದಮೊಟ್ಟೆಯ ಜೀನ್‌ನಲ್ಲೇ ಬರೆದಿದೆ. ಮನುಷ್ಯನಾಗುವುದೂ ಹಾಗೇ ಮೊದಲೇ ನಿಗದಿಯಾಗಿತ್ತು, ಉಳಿದ ಪ್ರಾಣಿಗಳೆಲ್ಲ ಅರ್ಧ ದಾರಿಯಲ್ಲಿ ನಿಂತಿವೆ ಅನ್ನೋ ಜಂಬ ಅದರಲ್ಲಿತ್ತು. ಆದರೆ ಫಿಂಚ್‌ಗಳಿಗೆ ಅಂಥ ನಿಗದಿಯಾದ ದಾರಿ ಇರಲಿಲ್ಲ. 1983ರಲ್ಲಿ ಅದೇ ದ್ವೀಪದಲ್ಲಿ ಭಾರೀ ಮಳೆ ಸುರಿಯಿತು. ಸಣ್ಣ ಬೀಜ ಹೇರಳವಾಯಿತು. ಆಮೇಲಿನ ವರ್ಷಗಳಲ್ಲಿ ಚಿಕ್ಕ ಕೊಕ್ಕಿನವುಗಳಿಗೇ ಅನುಕೂಲವಾಯಿತು.