ಮುದ್ದೆ ನುಂಗಿದ ಮೇಲೆ

ಮಂಡ್ಯ, ತುಮಕೂರು, ಹಾಸನ, ಕೋಲಾರದ ಕಡೆ ಮುದ್ದೆಯನ್ನು ಅಗಿಯುವವರಿಲ್ಲ. ತುತ್ತು ಮುರಿದು, ಬೆರಳ ತುದಿಯಲ್ಲಿ ಉಂಡೆ ಮಾಡಿ, ಸಾರಿನಲ್ಲಿ ಹೊರಳಿಸಿ ನುಂಗುವುದೇ ಕ್ರಮ. ಅಗಿಯಲು ಹೋದರೆ ಹಲ್ಲಿಗೆ ಮೆತ್ತಿಕೊಳ್ಳುತ್ತದೆ. ಮೊದಲ ಸಲ ನೋಡಿದವರು ತಪ್ಪದೆ ಕೇಳುತ್ತಾರೆ: ‘ತುತ್ತಿಗೆ 32 ಸಲ ಅಗೀಬೇಕು ಅಂತಾರಲ್ಲ, ಹಿಂಗೆ ನುಂಗಿದ್ರೆ ಅರಗುತ್ತಾ?’

ಅರಗುತ್ತದೆ, ಚೆನ್ನಾಗಿಯೇ. ಅಗಿಯುವುದರಿಂದ ಆಗುವ ಕೆಲಸ ಮೂರು: ಆಹಾರ ಪುಡಿಯಾಗುವುದು, ನೆನೆದು ಮೆತ್ತಗಾಗುವುದು, ಜೊಲ್ಲು ಬೆರೆಯುವುದು. ಮೊದಲನೆಯದನ್ನು ಹಿಟ್ಟಿನ ಗಿರಣಿ ಮುಗಿಸಿ ಕಳಿಸಿದೆ, ಎರಡನೆಯದನ್ನು ಒಲೆ ಮೇಲಿನ ಎಸರು. ಉಳಿದದ್ದು ಜೊಲ್ಲು. ದಿನಕ್ಕೆ ಒಂದರಿಂದ ಒಂದೂವರೆ ಲೀಟರ್ ಊರುವ ಜೊಲ್ಲಿನಲ್ಲಿ ಪಿಷ್ಟವನ್ನು ಕತ್ತರಿಸುವ ಅಮೈಲೇಸ್ ಎಂಬ ಕಿಣ್ವ ಇದೆ, ನಿಜ. ಆದರೆ ಬಾಯಲ್ಲಿ ಅದಕ್ಕೆ ಸಿಗುವುದು ಕೆಲವೇ ಸೆಕೆಂಡು. ಜಠರಕ್ಕೆ ಇಳಿದ ಮೇಲೂ ತುತ್ತಿನ ಒಳಗೆ ಕೆಲಸ ಮುಂದುವರಿಸುತ್ತದೆ, ಆಮ್ಲ ತಾಗಿದೊಡನೆ ನಿಲ್ಲಿಸುತ್ತದೆ. ಪಿಷ್ಟವನ್ನು ನಿಜವಾಗಿ ಒಡೆಯುವ ಜಾಗ ಸಣ್ಣ ಕರುಳು. ಅಲ್ಲಿಗೆ ಅಮೈಲೇಸ್ ಕಳಿಸುವ ಮೇದೋಜೀರಕ ಗ್ರಂಥಿ ಧಾರಾಳಿ. ಅದರ ಕಿಣ್ವಗಳ ಸುಮಾರು ಶೇ. 90ರಷ್ಟು ಕಡಿಮೆಯಾಗುವವರೆಗೂ ಮಲದಲ್ಲಿ ಜಿಡ್ಡು ತೇಲುವಂಥ ಲಕ್ಷಣಗಳು ಕಾಣಿಸುವುದಿಲ್ಲ. ಅಷ್ಟು ದಾಸ್ತಾನು ಇರುವಾಗ ಬಾಯಲ್ಲಿ ಆಗದೆ ಉಳಿದ ಕೆಲಸ ಲೆಕ್ಕಕ್ಕೆ ಬರುವುದಿಲ್ಲ.

ತಕರಾರು ಇರುವುದು ನುಂಗುವುದರಲ್ಲಲ್ಲ, ಬೇಯಿಸುವುದರಲ್ಲಿ. ಹಸಿ ಪಿಷ್ಟದ ಕಣ ಬಿಗಿಯಾಗಿ ಮಡಚಿಕೊಂಡಿರುತ್ತದೆ, ಕಿಣ್ವಕ್ಕೆ ಸುಲಭವಾಗಿ ಬಾಯಿ ಬಿಡುವುದಿಲ್ಲ. ಬಿಸಿನೀರಲ್ಲಿ ಉಬ್ಬಿ ಒಡೆದಾಗಲೇ ಕಿಣ್ವ ಒಳಹೊಗುವುದು. ಕುದಿಯುವ ಎಸರಿಗೆ ಹಿಟ್ಟು ಹಾಕಿ, ತಕ್ಷಣ ತಿರುವದೆ, ಸಣ್ಣ ಉರಿಯಲ್ಲಿ ಕೆಲ ನಿಮಿಷ ಬೇಯಲು ಬಿಟ್ಟು ಆಮೇಲೆ ಕೋಲು ಹಾಕುವುದು ಇದಕ್ಕೇ. ಅವಸರದಲ್ಲಿ ತಿರುವಿದರೆ ಗಂಟು ಉಳಿಯುತ್ತದೆ. ಆ ಗಂಟಿನೊಳಗಿನ ಹಸಿಹಿಟ್ಟಿನ ಒಂದು ಪಾಲು ಸಣ್ಣ ಕರುಳಿಗೆ ದಕ್ಕದೆ ದೊಡ್ಡ ಕರುಳಿಗೆ ಹೋಗಿ ಅಲ್ಲಿನ ಬ್ಯಾಕ್ಟೀರಿಯಾಗಳ ಪಾಲಾಗುತ್ತದೆ. ಹೊಟ್ಟೆ ಉಬ್ಬರ ಅಲ್ಲಿಂದ.

ಅನ್ನನಾಳದ ಉದ್ದ ಸುಮಾರು 25 ಸೆಂಟಿಮೀಟರ್. ಗಟ್ಟಿ ತುತ್ತು ಇಳಿಯಲು ಹತ್ತು ಸೆಕೆಂಡು ಸಾಕು. ಸಾರಿನ ಜಿಡ್ಡು, ನೀರು ಇಲ್ಲದಿದ್ದರೆ ಎದೆಯಲ್ಲಿ ಹಿಡಿದಂತಾಗುವುದು ಇಲ್ಲೇ. ಪಾರ್ಶ್ವವಾಯು ಹೊಡೆದವರಿಗೆ, ನುಂಗುವಾಗ ಕೆಮ್ಮು ಬರುವ ವಯಸ್ಸಾದವರಿಗೆ ಮಾತ್ರ ಇಡೀ ಉಂಡೆ ಕೊಡಬೇಡಿ. ಅವರಲ್ಲಿ ಶ್ವಾಸನಾಳದ ಮುಚ್ಚಳ ಸಮಯಕ್ಕೆ ಸರಿಯಾಗಿ ಮುಚ್ಚದೆ ತುತ್ತು ಉಸಿರಿನ ದಾರಿ ಹಿಡಿಯಬಹುದು. ಯಾವ ಹದದ ಊಟ ಕೊಡಬಹುದು ಎಂದು ವೈದ್ಯರನ್ನೇ ಕೇಳಬೇಕು.

ಜಠರದ ಬಗ್ಗೆ ಜನ ಅಂದುಕೊಂಡಿರುವುದಕ್ಕಿಂತ ಅದರ ಪಾತ್ರ ಬೇರೆ. ಅದು ಒರಳು ಮತ್ತು ಜರಡಿ. ನಿಮಿಷಕ್ಕೆ ಮೂರು ಅಲೆಗಳಂತೆ ಸ್ನಾಯು ಹಿಂಡುತ್ತದೆ. ಗಟ್ಟಿ ಪದಾರ್ಥ ಒಂದೆರಡು ಮಿಲಿಮೀಟರ್‌ಗಿಂತ ಸಣ್ಣದಾದರೆ ಕೆಳಬಾಗಿಲು ದಾಟುತ್ತದೆ, ಇಲ್ಲದಿದ್ದರೆ ವಾಪಸ್ ಒರಳಿಗೆ. ಬೆಂದ ಮುದ್ದೆ ಹಿಂಡಿದರೆ ಕರಗುವ ಪದಾರ್ಥ, ಬೇಗ ಪಾಸಾಗುತ್ತದೆ. ಜೊತೆಗೆ ನುಂಗಿದ ಮಟನ್ ತುಂಡು ಹಾಗಲ್ಲ. ಮುದ್ದೆಯ ಜೋರಿನಲ್ಲಿ ಬಾಡನ್ನೂ ಅರೆಬರೆ ಅಗಿದು ಇಳಿಸಿದರೆ ಅದು ಪುಡಿಯಾಗುವವರೆಗೆ ಒಳಗೇ ಕೂರುತ್ತದೆ. ಮೇಲಿಂದ ಕೊಬ್ಬು ಸಣ್ಣ ಕರುಳಿನ ಮೊದಲ ಭಾಗವಾದ ಡ್ಯುವೊಡಿನಮ್ ತಲುಪಿದೊಡನೆ ಅಲ್ಲಿಂದ ಹೊರಡುವ ಹಾರ್ಮೋನು ಜಠರಕ್ಕೆ ‘ನಿಧಾನ’ ಎಂದು ಹೇಳುತ್ತದೆ. ಬರೀ ಮುದ್ದೆ-ಸೊಪ್ಪಿನ ಸಾರಿನ ಊಟ ಎರಡು ಮೂರು ಗಂಟೆಯಲ್ಲಿ ಜಠರದಿಂದ ಬಹುಪಾಲು ಇಳಿದರೆ, ಬಾಡೂಟ ನಾಲ್ಕು ಗಂಟೆಗೂ ಮಿಕ್ಕಿ ಕೂರುವುದು ಇದರಿಂದ. ಆದ್ದರಿಂದ ಮುದ್ದೆ ನುಂಗಿ, ಬಾಡು ಅಗಿಯಿರಿ.

ಜಠರದ ರಸದ ಪಿಎಚ್ 1.5ರಿಂದ 3.5ರ ಆಸುಪಾಸು. ಈ ಆಮ್ಲ ಪಿಷ್ಟವನ್ನು ಮುಟ್ಟುವುದಿಲ್ಲ ಎಂದೇ ಹೇಳಬಹುದು. ಪ್ರೋಟೀನಿನ ಮಡಿಕೆ ಬಿಚ್ಚಿ, ಅದನ್ನು ಕತ್ತರಿಸುವ ಪೆಪ್ಸಿನ್ ಕಿಣ್ವವನ್ನು ಎಬ್ಬಿಸುತ್ತದೆ. ಊಟದ ನಡುವೆ ಲೋಟ ನೀರು ಕುಡಿದರೆ ಇದು ತೆಳುವಾಗಿ ಅಜೀರ್ಣವಾಗುತ್ತದೆ ಎಂಬ ಮಾತು ಸುಳ್ಳು. ಜಠರ ಬೇಕಾದಷ್ಟು ಆಮ್ಲ ಮತ್ತೆ ಸುರಿಸಿಕೊಳ್ಳುತ್ತದೆ, ನೀರಂತೂ ಗಟ್ಟಿ ಆಹಾರಕ್ಕಿಂತ ಮೊದಲೇ ಹೊರಟುಹೋಗುತ್ತದೆ. ಖಾರದಿಂದ ಹುಣ್ಣಾಗುತ್ತದೆ ಎಂಬುದೂ ಹಾಗೇ. ಜಠರದ ಹುಣ್ಣಿಗೆ ಹೆಲಿಕೋಬ್ಯಾಕ್ಟರ್ ಪೈಲೋರಿ ಬ್ಯಾಕ್ಟೀರಿಯಾ ಮತ್ತು ನೋವಿನ ಮಾತ್ರೆಗಳು ಮುಖ್ಯ ಕಾರಣ. ಆ ಬ್ಯಾಕ್ಟೀರಿಯಾ ಗುರುತಿಸಿದ್ದಕ್ಕೇ ಬ್ಯಾರಿ ಮಾರ್ಷಲ್, ರಾಬಿನ್ ವಾರೆನ್ ಅವರಿಗೆ 2005ರ ನೊಬೆಲ್ ಬಂತು. ಇನ್ನು ನಮ್ಮಲ್ಲಿ ಎಲ್ಲಕ್ಕೂ ಒಂದೇ ಹೆಸರು: ‘ಗ್ಯಾಸ್ಟ್ರಿಕ್’. ಹುಳಿತೇಗು, ಉಬ್ಬರ, ಮಲಬದ್ಧತೆ, ಎದೆನೋವು ಎಲ್ಲವೂ ಅದೇ. ಎದೆ ಬಿಗಿತದ ಜೊತೆ ಬೆವರು, ದವಡೆ ಅಥವಾ ಎಡಗೈಗೆ ಹಬ್ಬುವ ನೋವು ಇದ್ದಾಗ ಸೋಡಾ ಕುಡಿಯುತ್ತಾ ಕೂರುವವರು ಹೃದಯಾಘಾತದ ಅಮೂಲ್ಯ ಹೊತ್ತನ್ನು ಕಳೆಯುತ್ತಾರೆ. ಅಂಥ ಹೊತ್ತಲ್ಲಿ ಮೊದಲು ಆಗಬೇಕಾದ್ದು ಇಸಿಜಿ.

ಡ್ಯುವೊಡಿನಮ್ ಎಂಬ ಸಣ್ಣ ಕರುಳಿನ ಮೊದಲ 25 ಸೆಂಟಿಮೀಟರ್‌ನಲ್ಲಿ ಕಾರ್ಯಾಚರಣೆ ಜೋರು. ಮೇದೋಜೀರಕದ ಬೈಕಾರ್ಬೊನೇಟ್ ಆಮ್ಲವನ್ನು ತಣಿಸುತ್ತದೆ; ತಣಿಸದಿದ್ದರೆ ಮುಂದಿನ ಕಿಣ್ವಗಳು ಕೆಲಸವೇ ಮಾಡವು. ಪಿತ್ತರಸ ಜಿಡ್ಡನ್ನು ಸಣ್ಣ ಹನಿಗಳಾಗಿ ಚೆದುರಿಸುತ್ತದೆ. ಅಮೈಲೇಸ್ ಪಿಷ್ಟವನ್ನು ತುಂಡರಿಸುತ್ತದೆ, ಕರುಳಿನ ಗೋಡೆಗೇ ಅಂಟಿಕೊಂಡಿರುವ ಮಾಲ್ಟೇಸ್‌ನಂಥ ಕಿಣ್ವಗಳು ಆ ತುಂಡುಗಳನ್ನು ಗ್ಲೂಕೋಸ್ ಮಾಡಿ ಮುಗಿಸುತ್ತವೆ. ಇಡೀ ಕರುಳು ಬಿಡಿಸಿ ಹಾಸಿದರೆ ಟೆನಿಸ್ ಅಂಗಳದಷ್ಟು ಎಂದು ಪಠ್ಯಪುಸ್ತಕಗಳು ಬರೆಯುತ್ತಾ ಬಂದಿದ್ದವು. 2014ರಲ್ಲಿ ಸ್ವೀಡನ್ನಿನವರು ಹೊಸದಾಗಿ ಅಳೆದಾಗ ಸಿಕ್ಕಿದ್ದು ಸುಮಾರು 32 ಚದರ ಮೀಟರ್. ಒಂದು ದೊಡ್ಡ ಹಾಲ್ ಎನ್ನಿ.

ಗ್ಲೂಕೋಸ್ ಒಳಹೋಗುವ ಬಗೆ ಸ್ವಾರಸ್ಯದ್ದು. ಅದು ಒಂಟಿಯಾಗಿ ಬಾಗಿಲು ದಾಟದು. ಉಪ್ಪಿನಲ್ಲಿರುವ ಸೋಡಿಯಂ ಕೈಹಿಡಿದೇ ಹೋಗುತ್ತದೆ, ಎರಡರ ಹಿಂದೆ ನೀರು ಹರಿಯುತ್ತದೆ. ಭೇದಿಯಲ್ಲಿ ಬರೀ ನೀರು ನಿಲ್ಲದೆ ಓಆರ್‌ಎಸ್, ಅಂದರೆ ಉಪ್ಪು-ಸಕ್ಕರೆ ಬೆರೆಸಿದ ನೀರು, ನಿಲ್ಲುವುದು ಈ ಜೋಡಿ ಬಾಗಿಲಿನಿಂದ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಡ್ರಿಪ್ ಬಾಟಲಿ ಸಾಲದಾದಾಗ ಡಾ. ದಿಲೀಪ್ ಮಹಾಲನಬಿಸ್ ಇದನ್ನೇ ಕುಡಿಸಿ ಜನರನ್ನು ಉಳಿಸಿದರು. ಪೊಟ್ಟಣ ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಸಮ ಮಾಡಿದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ರುಚಿಗೆಂದು ಸಕ್ಕರೆ ಹೆಚ್ಚಿಸಿದರೆ ಕರುಳು ನೀರು ಎಳೆದುಕೊಳ್ಳುವ ಬದಲು ಒಳಗಿನ ನೀರನ್ನೇ ಬಿಟ್ಟುಕೊಟ್ಟು ಭೇದಿ ಜಾಸ್ತಿಯಾಗುತ್ತದೆ.

ಸಕ್ಕರೆ ಕಾಯಿಲೆಯವರಿಗೆ ಒಂದು ಮಾತು. 100 ಗ್ರಾಂ ರಾಗಿಹಿಟ್ಟಿನಲ್ಲಿ ನಾರು 11 ಗ್ರಾಂ ಇದ್ದರೂ ಪಿಷ್ಟ ಅದರ ಐದು ಪಟ್ಟಿಗೂ ಹೆಚ್ಚು. ನುಣ್ಣಗೆ ಬೀಸಿ, ಚೆನ್ನಾಗಿ ಬೇಯಿಸಿದ ಮುದ್ದೆ ಸಲೀಸಾಗಿ ಅರಗುತ್ತದೆ ಎಂದರೆ ರಕ್ತಕ್ಕೆ ಸಕ್ಕರೆಯೂ ಸಲೀಸಾಗಿ ಏರುತ್ತದೆ ಎಂದೇ ಅರ್ಥ. ರಾಗಿ ಎಂದು ಮೂರು ಮುದ್ದೆ ಇಳಿಸುವುದು ತಪ್ಪು ಲೆಕ್ಕ. ಒಂದು ಮುದ್ದೆ, ಜಾಸ್ತಿ ಸೊಪ್ಪು-ಕಾಳು. ಊಟದ ಎರಡು ಗಂಟೆಗೆ ಗ್ಲೂಕೋಮೀಟರ್ ಚುಚ್ಚಿ ನೋಡಿಕೊಳ್ಳುವುದು.

ಅದೇ ಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಕಬ್ಬಿಣವೂ ಇದೆ. ಆದರೆ ರಾಗಿಯಲ್ಲೇ ಇರುವ ಫೈಟೇಟ್, ಟ್ಯಾನಿನ್ ಎಂಬ ವಸ್ತುಗಳು ಇವನ್ನು ಕಟ್ಟಿಹಾಕುವುದರಿಂದ ಡ್ಯುವೊಡಿನಮ್‌ಗೆ ದಕ್ಕುವುದು ಒಂದು ಪಾಲು ಮಾತ್ರ. ಮೊಳಕೆ ಕಟ್ಟಿ ಒಣಗಿಸಿದ ರಾಗಿಯಲ್ಲಿ ಫೈಟೇಟ್ ಇಳಿದಿರುತ್ತದೆ. ಊಟದ ಜೊತೆ ನಿಂಬೆಹುಳಿಯೋ ಸೀಬೆಹಣ್ಣೋ ಇದ್ದರೆ ಕಬ್ಬಿಣ ಹೆಚ್ಚು ಹೀರಲ್ಪಡುತ್ತದೆ. ಉಂಡು ಕೈತೊಳೆದ ಕೂಡಲೇ ಕುಡಿಯುವ ಕಾಫಿ, ಟೀ ಇದನ್ನು ಹಾಳುಮಾಡುತ್ತವೆ. ಒಂದು ಗಂಟೆಯಾದರೂ ತಡೆಯಿರಿ.

ಸಣ್ಣ ಕರುಳಿನ ಕೊನೆಯಲ್ಲಿ ಬಿ12 ಮತ್ತು ಪಿತ್ತದ ಲವಣಗಳು ವಾಪಸಾಗುತ್ತವೆ. ಕುಡಿದದ್ದು, ಊರಿದ ರಸ ಎಲ್ಲ ಸೇರಿ ದಿನಕ್ಕೆ ಒಂಬತ್ತು ಲೀಟರಿನಷ್ಟು ದ್ರವ ಕರುಳಿಗೆ ಬಂದರೂ ದೊಡ್ಡ ಕರುಳಿಗೆ ದಾಟುವುದು ಒಂದೂವರೆ ಲೀಟರ್, ಮಲದಲ್ಲಿ ಹೋಗುವುದು ಅರ್ಧ ಲೋಟ.

ದೊಡ್ಡ ಕರುಳಲ್ಲಿ ನಾರು ಬ್ಯಾಕ್ಟೀರಿಯಾಗಳ ಊಟ. ಜೊತೆಗೆ ಹುರುಳಿ, ಅವರೆ, ಅಲಸಂದೆಯ ರಾಫಿನೋಸ್, ಸ್ಟ್ಯಾಕಿಯೋಸ್ ಎಂಬ ಸಕ್ಕರೆಗಳೂ. ಇವನ್ನು ಒಡೆಯುವ ಕಿಣ್ವವನ್ನು ಮನುಷ್ಯನ ಕರುಳು ತಯಾರಿಸುವುದಿಲ್ಲ. ಚೆನ್ನಾಗಿ ಬೆಂದ ಮುದ್ದೆಗಿಂತ ಗ್ಯಾಸ್ ಹೆಚ್ಚು ಬರುವುದು ಪಕ್ಕದ ಕಾಳಿನಿಂದ. ರಾತ್ರಿಯಿಡೀ ನೆನೆಸಿ ಆ ನೀರು ಚೆಲ್ಲಿ, ಹೊಸ ನೀರಲ್ಲಿ ಬೇಯಿಸಿದರೆ ಈ ಸಕ್ಕರೆಗಳ ಒಂದು ಭಾಗ ಕಳೆಯುತ್ತದೆ. ಬೇಯಿಸುವಾಗ ಇನ್ನಷ್ಟು ಕಟ್ಟಿಗೆ ಇಳಿಯುತ್ತದೆ. ಆದರೆ ಬಸ್ಸಾರಿನವರು ಆ ಕಟ್ಟನ್ನೇ ಬಸಿದು, ಮಸಾಲೆ ಅರೆದು ಹಾಕಿ, ಮುದ್ದೆಗೆ ಸುರಿದುಕೊಳ್ಳುವವರು. ಅದನ್ನು ಚೆಲ್ಲಿ ಎಂದು ಹೇಳುವ ಧೈರ್ಯ ನನಗಿಲ್ಲ.