ಬಾಟ್ಲಿ ಕಪ್ಪಾದರೆ ಮೊದಲ ಫೋನ್ ನೀರುಗಂಟಿಗೆ

ಹಿರಿಯೂರು ದಾಟಿ ಗುಡ್ಡದ ಮೇಲೆ ಗಾಳಿಯಂತ್ರಗಳು ಕಂಡವು ಅಂದರೆ ಚಿತ್ರದುರ್ಗ ಇನ್ನೇನು ಬಂತು ಅಂತಲೇ. ಮೊದಲು ಕೋಟೆ ಹತ್ತಿದೆ. ಓಬವ್ವನ ಕಿಂಡಿ ಹತ್ತಿರ ಶಾಲೆ ಮಕ್ಕಳ ಗದ್ದಲ, ಬಿಸಿಲು ಬೇರೆ. ಅಕ್ಕ ತಂಗಿಯರ ಹೊಂಡದ ಹತ್ತಿರ ಸುಮ್ನೆ ಕೂತೆ. ಬಂಡೆ ಮೇಲೆ ಬಿದ್ದ ಮಳೆನೀರನ್ನು ಹೊಂಡಗಳಲ್ಲಿ ಹಿಡಿದಿಟ್ಟುಕೊಂಡು ಬದುಕಿದ ಊರು ಇದು.

ಇದೇ ನಗರದ ಕವಾಡಿಗರಹಟ್ಟಿಯಲ್ಲಿ 2023ರ ಆಗಸ್ಟ್ ಹೊತ್ತಿಗೆ ಕಲುಷಿತ ನೀರು ಕುಡಿದು ಬಹಳ ಜನ ವಾಂತಿಭೇದಿಯಿಂದ ಆಸ್ಪತ್ರೆ ಸೇರಿದರು, ಕೆಲವರು ಉಳಿಯಲಿಲ್ಲ. ಆ ಸುದ್ದಿ ಓದಿದಾಗಿನಿಂದ ಒಂದು ಪ್ರಶ್ನೆ ತಲೆಯಲ್ಲಿತ್ತು. ನೀರು ಕೆಟ್ಟಿದೆ ಅಂತ ಜನ ಹಾಸಿಗೆ ಹಿಡಿಯೋಕೆ ಮುಂಚೆಯೇ ಊರಿಗೆ ಗೊತ್ತಾಗೋದು ಹೇಗೆ?

ಉತ್ತರ ಹುಡುಕಿಕೊಂಡು ಹೊಳಲ್ಕೆರೆ ಕಡೆಯ ಒಂದು ಹಳ್ಳಿಗೆ ಹೋದೆ. ಗೆಳೆಯನ ಅಕ್ಕ ಅಲ್ಲಿ ಆಶಾ ಕಾರ್ಯಕರ್ತೆ. ಚಹಾ ಕೊಟ್ಟು, ಅಡುಗೆಮನೆ ಗೂಡಿನಿಂದ ನೀರು ಪರೀಕ್ಷೆಯ ಎರಡು ಪುಟ್ಟ ಬಾಟ್ಲಿ ತಂದು ಮುಂದಿಟ್ಟರು. "ನೋಡು ತಮ್ಮ, ಇದು ಅಂಗನವಾಡಿ ನಲ್ಲಿದು, ಇದು ಚರಂಡಿ ಪಕ್ಕದ ನಲ್ಲಿದು." ಮೊದಲನೆಯದು ತಿಳಿ ಹಳದಿ. ಎರಡನೆಯದು ಡಿಕಾಕ್ಷನ್ ಥರ ಕಪ್ಪು.

ಗೆರೆವರೆಗೆ ನೀರು ತುಂಬಿ, ಕುಲುಕಿ, ಒಂದೆರಡು ದಿನ ಬೆಚ್ಚಗಿನ ಜಾಗದಲ್ಲಿ ಇಡಬೇಕು. ಮಲದ ಜೊತೆ ಬರುವ ಬ್ಯಾಕ್ಟೀರಿಯಾ ಇದ್ದರೆ ಹೈಡ್ರೋಜನ್ ಸಲ್ಫೈಡ್ ಹುಟ್ಟಿ ನೀರು ಕಪ್ಪಾಗುತ್ತದೆ. ಇದು ನಮ್ಮವರದೇ ವಿಧಾನ. ಗ್ವಾಲಿಯರ್‌ನ ರಕ್ಷಣಾ ಪ್ರಯೋಗಾಲಯದ ವಿಜ್ಞಾನಿಗಳು 1982ರಲ್ಲಿ ಪ್ರಕಟಿಸಿದ್ದು. ಕರೆಂಟ್ ಬೇಡ, ಲ್ಯಾಬ್ ಬೇಡ. ಯಾವ ರೋಗ ಅಂತ ಇದು ಹೇಳಲ್ಲ, ಆದರೆ ಈ ನೀರು ಕುಡಿಯಬೇಡಿ ಅನ್ನೋಕೆ ಇಷ್ಟು ಸಾಕು ಅಲ್ವಾ?

ಬಾಟ್ಲಿ ಕಪ್ಪಾದ ಕೂಡಲೇ ಅಕ್ಕ ಫೋನ್ ಮಾಡಿದ್ದು ಊರಿಗೆ ನೀರು ಬಿಡುವ ನೀರುಗಂಟಿಗೆ. ಅವರು ವಾಲ್ವ್ ಬಂದ್ ಮಾಡಿ, ಪೈಪ್ ಹಾದುಹೋಗುವ ದಾರಿಯಲ್ಲೆಲ್ಲ ನಡೆದು, ಚರಂಡಿಯೊಳಗೆ ಒಡೆದಿದ್ದ ಜಾಯಿಂಟ್ ಹುಡುಕಿದರು. ಆ ಜಾಗ ನನಗೂ ತೋರಿಸಿದರು. ನೀರು ಬಿಟ್ಟಾಗ ಅಲ್ಲಿ ಹೊರಗೆ ಸೋರುತ್ತದೆ, ನಿಲ್ಲಿಸಿದಾಗ ಪೈಪಿನಲ್ಲಿ ಒತ್ತಡ ಇಳಿದು ಚರಂಡಿ ನೀರೇ ಒಳಗೆ ಎಳೆದುಕೊಳ್ಳುತ್ತದೆ. ದಿನ ಬಿಟ್ಟು ದಿನ ನೀರು ಬಿಡುವ ಊರುಗಳಲ್ಲಿ ಈ ಅಪಾಯ ಜಾಸ್ತಿ. ಜಾಯಿಂಟ್ ಸರಿಮಾಡಿ, ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿ, ಕೊನೆ ಮನೆಯ ನಲ್ಲಿ ನೀರಿಗೆ ಔಷಧದ ಹನಿ ಬಿಟ್ಟು ನೋಡಿದರಂತೆ. ಹಳದಿ ಬಂದರೆ ಕ್ಲೋರಿನ್ ಅಲ್ಲಿವರೆಗೆ ತಲುಪಿದೆ ಅಂತ ಲೆಕ್ಕ. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು.

ಸರ್ಕಾರದ ಮಟ್ಟದಲ್ಲೂ ವ್ಯವಸ್ಥೆ ಇದೆ. ಮೊದಲು ಜ್ವರ, ಭೇದಿ ಕೇಸುಗಳ ಲೆಕ್ಕ ವಾರಕ್ಕೊಮ್ಮೆ ಕಾಗದದಲ್ಲಿ ಹೋಗುತ್ತಿತ್ತು. ಈಗ ಐಎಚ್‌ಐಪಿ ಅನ್ನೋ ಆನ್‌ಲೈನ್ ವ್ಯವಸ್ಥೆ ಬಂದು, ಆರೋಗ್ಯ ಉಪಕೇಂದ್ರದ ಸಿಸ್ಟರ್ ಅವತ್ತಿನದನ್ನು ಅವತ್ತೇ ಹಾಕಬಹುದು. 2018ರಲ್ಲಿ ಶುರುವಾದ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು, 2021ರಲ್ಲಿ ದೇಶಕ್ಕೆಲ್ಲ ಬಂತು. ಜಿಲ್ಲೆಯವರಿಗೆ ಎಲ್ಲಿ ಕೇಸು ಏರುತ್ತಿದೆ ಅಂತ ಬೇಗ ಕಾಣುತ್ತದೆ. ಒಳ್ಳೆಯದೇ. ಆದರೆ ಅಲ್ಲಿಗೆ ಹೋಗೋದು ಆಗಲೇ ಹುಷಾರಿಲ್ಲದವರ ಲೆಕ್ಕ. ಬಾಟ್ಲಿ ಅದಕ್ಕಿಂತ ಮುಂಚೆ ಮಾತಾಡುತ್ತದೆ, ವಾಲ್ವ್ ತಿರುಗಿಸುವ ಕೈಯೂ ಊರಲ್ಲೇ ಇರುತ್ತದೆ. ಬಾಟ್ಲಿ ನೋಡುವವರು, ವಾಲ್ವ್ ತಿರುಗಿಸುವವರು, ಈ ಇಬ್ಬರಲ್ಲಿ ಒಬ್ಬರ ನಂಬರ್ ಇನ್ನೊಬ್ಬರ ಹತ್ತಿರ ಇಲ್ಲದಿದ್ದರೆ ಯಾವ ಆ್ಯಪ್ ಬಂದರೂ ಪ್ರಯೋಜನ ಕಡಿಮೆ ಅಂತ ನನಗೆ ಗಟ್ಟಿಯಾಗಿ ಅನ್ನಿಸಿತು.

ಹೊರಡುವಾಗ ಏನು ಬೇಕಕ್ಕಾ ಅಂತ ಕೇಳಿದೆ. "ಬಾಟ್ಲಿ ಖಾಲಿ ಆಗ್ತಾ ಬಂದಾವೆ. ಮಳೆಗಾಲಕ್ಕೆ ಮುಂಚೆ ಬರ್ಬೇಕು, ಆಮೇಲೆ ಬಂದ್ರೆ ಏನು ಮಾಡೋದು?" ಅಂದರು. ಮನೆಮನೆಗೆ ನಲ್ಲಿ ನೀರು ಕೊಡುವ ಜಲಜೀವನ್ ಮಿಷನ್‌ನಲ್ಲಿ ಪ್ರತಿ ಹಳ್ಳಿಯ ಐವರು ಹೆಂಗಸರಿಗೆ ನೀರು ಪರೀಕ್ಷೆ ಕಲಿಸಬೇಕು ಅಂತ ಇದೆ. ನಿಮ್ಮೂರಲ್ಲಿ ಆ ಐವರು ಯಾರು, ಕಿಟ್ ಎಲ್ಲಿದೆ ಅಂತ ಮುಂದಿನ ಗ್ರಾಮಸಭೆಯಲ್ಲಿ ಕೇಳಿ.